ಮನದ ಹಳೆಯ ಗಾಯಕ್ಕೆ ಮಾತಿನ ಚಿಕಿತ್ಸೆ

ದೇಹಕ್ಕೆ ಪೆಟ್ಟು ಬಿದ್ದರೆ ನಾವು ತಡಮಾಡದೆ ಔಷಧ ಹಚ್ಚುತ್ತೇವೆ. ಮನಸ್ಸಿಗೆ ಪೆಟ್ಟು ಬಿದ್ದರೆ ಮಾತ್ರ ‘ಕಾಲವೇ ಮರೆಸುತ್ತದೆ, ಸುಮ್ಮನಿರು’ ಎನ್ನುತ್ತೇವೆ. ಅನೇಕರ ವಿಷಯದಲ್ಲಿ ಈ ಮಾತು ನಿಜವೂ ಹೌದು. ಆದರೆ ಕೆಲವರ ಗಾಯವನ್ನು ಕಾಲ ಮಾಯಿಸುವುದಿಲ್ಲ. ಅಂಥವರನ್ನು ಗುರುತಿಸುವಲ್ಲಿ ವೈದ್ಯರಾದ ನಾವೂ ಎಡವಿದ್ದೇವೆ. ಆ ಅನುಭವವನ್ನು ಭಕ್ತ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಉಕ್ಕಿ ಹರಿದು ಬೆಳಗಾವಿ, ಬಾಗಲಕೋಟೆ ಮೊದಲಾದ ಜಿಲ್ಲೆಗಳ ಊರುಗಳು ಜಲಾವೃತವಾದುದು ಎಲ್ಲರಿಗೂ ನೆನಪಿದೆ. ಅದಾದ ಮರುವರ್ಷದ ಮಳೆಗಾಲದಲ್ಲಿ ಹೊಳೆದಂಡೆಯ ಊರಿನ ತಾಯಿಯೊಬ್ಬರು ನಮ್ಮಲ್ಲಿಗೆ ಬಂದರು. ನಿದ್ರೆಯಿಲ್ಲ, ಎದೆಬಡಿತ, ಊಟ ಸೇರದು ಎಂಬುದು ಅವರ ದೂರು. ವಾತಪ್ರಕೋಪವೆಂದು ತಿಳಿದು ಅಭ್ಯಂಗ, ಶಿರೋಧಾರೆ ಮಾಡಿಸಿ, ಅಶ್ವಗಂಧವನ್ನು ಕೊಟ್ಟೆವು. ಚಳಿಗಾಲದ ಹೊತ್ತಿಗೆ ಗುಣ ಕಂಡಿತು. ಮುಂದಿನ ಮಳೆಗಾಲದಲ್ಲಿ ಅದೇ ದೂರಿನೊಂದಿಗೆ ಮತ್ತೆ ಬಂದರು. ನಾವೂ ಅದೇ ಔಷಧವನ್ನು ಮತ್ತೆ ಕೊಟ್ಟೆವು. ಮೂರನೆಯ ವರ್ಷ ಅವರು ನಮ್ಮೆದುರು ಕುಳಿತಿದ್ದಾಗ ಹೊರಗೆ ಎಮ್ಮೆಯೊಂದು ಕೂಗಿತು. ಆ ತಾಯಿ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ನಡುಗಿದರು. ಆಗಷ್ಟೇ ನಾವು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆವು: “ತಾಯಿ, ಏನಾಗಿತ್ತು?”

ನೀರು ನುಗ್ಗಿದ ರಾತ್ರಿ ಮೊಮ್ಮಕ್ಕಳನ್ನು ಎತ್ತಿಕೊಂಡು ಓಡುವ ಆತುರದಲ್ಲಿ ಕೊಟ್ಟಿಗೆಯ ಎರಡು ಎಮ್ಮೆಗಳ ಹಗ್ಗ ಬಿಚ್ಚಲು ಅವರಿಂದ ಆಗಿರಲಿಲ್ಲ. ದೂರದ ಎತ್ತರದಲ್ಲಿ ನಿಂತು ಅವುಗಳ ಕೂಗು ಅಡಗುವವರೆಗೂ ಕೇಳಿದ್ದರು. “ಡಾಕ್ಟರ್ರ, ಆ ದನಿ ಇನ್ನೂ ಕಿವ್ಯಾಗ ಐತ್ರಿ. ದನ ಹೋದ್ರ ಹೋಗ್ಲಿ, ಜೀವ ಉಳೀತಲ್ಲ ಅಂತಾರ ಮಂದಿ. ಹಗ್ಗ ಬಿಚ್ಚಲಾರದಾಕಿ ನಾನು. ಯಾರ ಮುಂದ ಹೇಳ್ಲಿ?” ಎಂದರು. ಮೂರು ವರ್ಷ ನಾಡಿ ಹಿಡಿದ ನಮಗೆ ಆ ಕೂಗು ಕೇಳಿಸಿರಲಿಲ್ಲ.

ಇಂತಹ ಸ್ಥಿತಿಗೆ ಆಧುನಿಕ ವೈದ್ಯಶಾಸ್ತ್ರವು 1980ರಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಎಂಬ ಹೆಸರನ್ನು ಅಧಿಕೃತವಾಗಿ ನೀಡಿತು. ಪ್ರವಾಹ, ಅಪಘಾತ, ಹಿಂಸೆ, ಅತ್ಯಾಚಾರ, ಆಪ್ತರ ಅಕಾಲಿಕ ದುರ್ಮರಣ ಇದಕ್ಕೆ ಕಾರಣವಾಗಬಹುದು. ಘಟನೆಯು ಬೇಡವೆಂದರೂ ಕಣ್ಣೆದುರು ಮತ್ತೆ ನಡೆದಂತಾಗುವುದು, ಕೆಟ್ಟ ಕನಸು, ಅದನ್ನು ನೆನಪಿಸುವ ಸ್ಥಳ ಮತ್ತು ಮಾತುಗಳಿಂದ ದೂರ ಸರಿಯುವುದು, ಸಣ್ಣ ಸದ್ದಿಗೂ ಬೆಚ್ಚುವುದು, ತನ್ನನ್ನೇ ದೂಷಿಸಿಕೊಳ್ಳುವುದು ಇದರ ಲಕ್ಷಣಗಳು. ಆಘಾತದ ಮೊದಲ ದಿನಗಳಲ್ಲಿ ಇವು ಯಾರಲ್ಲಿಯೂ ಕಾಣಬಹುದು. ಒಂದು ತಿಂಗಳು ಕಳೆದರೂ ಉಳಿದು ನಿತ್ಯಜೀವನಕ್ಕೆ ಅಡ್ಡಿಯಾದರೆ ಚಿಕಿತ್ಸೆ ಬೇಕೆಂದು ತಿಳಿಯಬೇಕು.

ಕಾಲವು ಈ ಗಾಯವನ್ನೇಕೆ ಮಾಯಿಸದು? ಸಾಮಾನ್ಯ ನೆನಪು ‘ಇದು ಅಂದು ನಡೆದದ್ದು’ ಎಂಬ ಗುರುತಿನೊಂದಿಗೆ ಮನಸ್ಸಿನಲ್ಲಿ ಕೂರುತ್ತದೆ. ಅತಿಯಾದ ಭಯದಲ್ಲಿ ಮೂಡಿದ ನೆನಪಿಗೆ ಆ ಗುರುತು ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಆದುದರಿಂದ ಮಳೆಯ ಸದ್ದು ಕೇಳಿದೊಡನೆ ಮೆದುಳು ‘ಅಪಾಯ ಈಗಲೇ ಬಂದಿದೆ’ ಎಂದು ಸಾರುತ್ತದೆ. ಎದೆ ಬಡಿಯುತ್ತದೆ, ಮೈ ಬೆವರುತ್ತದೆ. ಮನುಷ್ಯನು ಆ ನೆನಪಿನಿಂದ ಓಡುತ್ತಾನೆ. ಓಡಿದಾಗ ಕ್ಷಣಕಾಲ ನೆಮ್ಮದಿ ದೊರೆಯುತ್ತದೆ, ಆದರೆ ಅಪಾಯ ಕಳೆದಿದೆ ಎಂಬುದನ್ನು ಮನಸ್ಸು ಕಲಿಯುವ ಅವಕಾಶ ತಪ್ಪಿಹೋಗುತ್ತದೆ.

ಚರಕಾಚಾರ್ಯರು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ವಾವಜಯ ಎಂದು ಮೂರು ಬಗೆಯಾಗಿ ಹೇಳಿದ್ದಾರೆ. ಮೂರನೆಯದು ಮನಸ್ಸನ್ನು ಅಹಿತ ವಿಷಯಗಳಿಂದ ಹಿಂತೆಗೆದು ಗೆಲ್ಲುವ ಚಿಕಿತ್ಸೆ. ಮನೋವ್ಯಾಧಿಯ ಔಷಧಗಳಲ್ಲಿ ಅವರು ಜ್ಞಾನ ಮತ್ತು ಧೈರ್ಯಗಳ ಜೊತೆ ಸ್ಮೃತಿಯನ್ನೂ ಎಣಿಸಿರುವುದು ಗಮನಾರ್ಹ. ಇಂದಿನ ಚಿಕಿತ್ಸಾಕ್ರಮವೆಲ್ಲ ಅಂದೇ ಇತ್ತೆಂದು ನಾವು ಹೇಳಲಾರೆವು. ಆದರೆ ಸರಿಯಾದ ಸ್ಮೃತಿಯೇ ಮನಸ್ಸಿಗೆ ಮದ್ದು ಎಂಬ ತತ್ತ್ವ ಎರಡಕ್ಕೂ ಹೊಂದುತ್ತದೆ. ಮರೆಯುವುದು ಇಲ್ಲಿ ಗುರಿಯಲ್ಲ. ನಡೆದುದನ್ನು ನಡೆದುಹೋದುದಾಗಿಯೇ ನೆನೆಯಲು ಕಲಿಯುವುದು ಗುರಿ.

ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಈ ಚಿಕಿತ್ಸೆಯನ್ನು ಹಂತಹಂತವಾಗಿ ಮಾಡುತ್ತಾರೆ. ಮೊದಲು ರೋಗಿಯಲ್ಲಿ ನಂಬಿಕೆ ಹುಟ್ಟಿಸಿ, ಕಾಯಿಲೆಯ ಸ್ವರೂಪವನ್ನು ತಿಳಿಸಿ, ಉಸಿರಾಟದಿಂದ ದೇಹವನ್ನು ಶಾಂತಗೊಳಿಸುವುದನ್ನು ಕಲಿಸುತ್ತಾರೆ. ಬಳಿಕ ರೋಗಿಯು ಸುರಕ್ಷಿತ ಕೋಣೆಯಲ್ಲಿ ಕುಳಿತು ಘಟನೆಯನ್ನು ಮತ್ತೆ ಮತ್ತೆ ವಿವರವಾಗಿ ಹೇಳುತ್ತಾರೆ. ದೂರವಿಟ್ಟಿದ್ದ ಸ್ಥಳಗಳಿಗೆ ಸ್ವಲ್ಪ ಸ್ವಲ್ಪವಾಗಿ ಮರಳುತ್ತಾರೆ. ‘ತಪ್ಪು ನನ್ನದೇ’ ಎಂಬ ಭಾವನೆಯನ್ನೂ ಇಬ್ಬರೂ ಕೂಡಿ ಪರೀಕ್ಷಿಸುತ್ತಾರೆ. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ 8ರಿಂದ 15 ಭೇಟಿಗಳು ಬೇಕಾಗುತ್ತವೆ. ನೆನಪನ್ನು ಮನಸ್ಸಿನಲ್ಲಿ ತಂದುಕೊಂಡು ಚಲಿಸುವ ಬೆರಳನ್ನು ಕಣ್ಣಿನಿಂದ ಹಿಂಬಾಲಿಸುವ ಇನ್ನೊಂದು ಪದ್ಧತಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯು ಈ ಎರಡೂ ಬಗೆಗಳನ್ನು ಶಿಫಾರಸು ಮಾಡಿದೆ. ಆರಂಭದ ಕೆಲವು ಭೇಟಿಗಳ ನಂತರ ಸಂಕಟ ಹೆಚ್ಚಿದಂತೆ ತೋರಬಹುದು. ಆಗ ಚಿಕಿತ್ಸೆಯನ್ನು ಬಿಡದೆ ಚಿಕಿತ್ಸಕರಿಗೆ ತಿಳಿಸಬೇಕು. ಕೆಲವರಿಗೆ ಮನೋವೈದ್ಯರ ಮಾತ್ರೆಗಳೂ ಅಗತ್ಯ. ಅವುಗಳನ್ನು ತಾವಾಗಿಯೇ ನಿಲ್ಲಿಸಬಾರದು, ವೈದ್ಯರಿಗೆ ತಿಳಿಸದೆ ಅವುಗಳ ಜೊತೆ ನಮ್ಮ ಗಿಡಮೂಲಿಕೆಗಳನ್ನೂ ಸೇರಿಸಬಾರದು.

ಮನೆಯವರ ಹೊಣೆಯೂ ದೊಡ್ಡದು. ‘ಎಲ್ಲವನ್ನೂ ಈಗಲೇ ಹೇಳು’ ಎಂದು ಒತ್ತಾಯಿಸಬಾರದು. ಹೇಳತೊಡಗಿದಾಗ ತಡೆಯಲೂ ಬಾರದು. ‘ಇದೇನು ಮಹಾ, ಅವರಿಗೆ ಇನ್ನೂ ಹೆಚ್ಚಾಗಿತ್ತು’ ಎಂಬ ಹೋಲಿಕೆ ಬೇಡ. ನಿದ್ರೆಗಾಗಿ ಮದ್ಯದ ಮೊರೆ ಹೋಗದಂತೆ ನೋಡಿಕೊಳ್ಳಬೇಕು. ಹೊತ್ತಿಗೆ ಸರಿಯಾದ ಊಟ, ಎಣ್ಣೆಸ್ನಾನ, ನಡಿಗೆ, ಪೂಜೆ, ಪ್ರಾರ್ಥನೆಗಳು ಮನಸ್ಸಿಗೆ ಆಸರೆಯಾಗುತ್ತವೆ. ಶ್ರೀಮಠಕ್ಕೆ ಬಂದು ದುಃಖ ತೋಡಿಕೊಳ್ಳುವವರಿಗೆ ಸಮಾಧಾನ ದೊರೆಯುವುದು ಸತ್ಯ. ಆದರೆ ಮುರಿದ ಮೂಳೆಗೆ ಪ್ರಾರ್ಥನೆಯೊಡನೆ ಪಟ್ಟು ಕಟ್ಟಿಸುವಂತೆ ಇಲ್ಲಿಯೂ ಚಿಕಿತ್ಸೆ ಬೇಕು. ಹಾಗೆ ಹೋಗುವುದು ಭಕ್ತಿಯ ಕೊರತೆಯಲ್ಲ.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಹಾಗೂ ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳನ್ನು ಸಂಪರ್ಕಿಸಬಹುದು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಬದುಕೇ ಬೇಡವೆಂಬ ಮಾತು ಯಾರ ಬಾಯಿಂದ ಬಂದರೂ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಆ ತಾಯಿಯನ್ನು ನಾವು ಮನಶ್ಶಾಸ್ತ್ರಜ್ಞರ ಬಳಿಗೆ ಕಳುಹಿಸಿದೆವು. ಮೂರು ತಿಂಗಳು ಮಗನೊಡನೆ ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿಬಂದರು. ಎರಡು ಬಾರಿ ‘ಇನ್ನು ಹೋಗಲಾರೆ’ ಎಂದು ಅತ್ತರು, ಆದರೂ ಹೋದರು. ಈಗಲೂ ಜೋರು ಮಳೆ ಬಂದರೆ ಎದ್ದು ಕೂರುತ್ತಾರಂತೆ. ನಿಂತ ಮೇಲೆ ಮಲಗಿ ನಿದ್ರಿಸುತ್ತಾರೆ. ಎಮ್ಮೆಗಳ ನೆನಪಾದರೆ ಕಣ್ಣೀರು ಬರುತ್ತದೆ, ನಡುಕ ಬರುವುದಿಲ್ಲ. ಕಳೆದ ಮಳೆಗಾಲದಲ್ಲಿಯೂ ಅವರು ನಮ್ಮಲ್ಲಿಗೆ ಬಂದಿದ್ದರು, ಮೊಣಕಾಲು ನೋವಿಗೆ ಎಣ್ಣೆ ಕೇಳಲು.