ಗೋಡೆಯಿಲ್ಲದ ಮನೆಗಳು

ಕುಣಿಗಲ್ಲಿನ ಕೆರೆಗೆ ಏರಿಯುಂಟು. ಗುಬ್ಬಿಯ ತೋಟಗಳಿಗೆ ಬೇಲಿಯುಂಟು. ತುಮಕೂರಿನ ಮನೆಗಳಿಗೆ ಗೋಡೆಯುಂಟು. ಯಾವುದನ್ನಾದರೂ ಬೇರೆಯಾಗಿ ಇರಿಸಬೇಕಾದರೆ ನಡುವೆ ತಡೆಯೊಂದು ಬೇಕೆಂಬುದು ಲೋಕರೂಢಿಯ ತಿಳಿವಳಿಕೆ. ಆದರೆ ಮಳೆ ನಿಂತ ಮೇಲೆ ತೋಟದ ಕೆಸುವಿನ ಎಲೆಯನ್ನು ನೋಡಿರಿ. ಅದರ ಮೇಲಿನ ಹನಿಗಳಿಗೆ ಗೋಡೆಯಿಲ್ಲ. ಆದರೂ ಒಂದೊಂದೂ ದುಂಡಗೆ, ತನ್ನಷ್ಟಕ್ಕೆ ತಾನಿರುತ್ತದೆ. ಗಾಳಿ ಬೀಸಿ ಎಲೆ ಅಲುಗಿದರೆ ಹನಿಗಳು ಉರುಳಿ, ಒಂದನ್ನೊಂದು ಕೂಡಿ, ದೊಡ್ಡ ಹನಿಯಾಗುತ್ತವೆ.

ನಮ್ಮ ಜೀವಕೋಶಗಳೊಳಗೂ ಇಂತಹ ಹನಿಗಳಿವೆ. ಜೀವಕೋಶಕ್ಕೆ ಪೊರೆಯುಂಟು, ಅದರೊಳಗಿನ ಕೋಶಕೇಂದ್ರಕ್ಕೂ ಪೊರೆಯುಂಟು. ಆದರೆ ಕೋಶಕೇಂದ್ರದೊಳಗಣ ನ್ಯೂಕ್ಲಿಯೋಲಸ್ ಎಂಬ ಪುಟ್ಟ ಕಾಯಕ್ಕೆ ಪೊರೆಯಿಲ್ಲ. ಪ್ರೋಟೀನುಗಳನ್ನು ತಯಾರಿಸುವ ರೈಬೋಸೋಮುಗಳ ಭಾಗಗಳು ಸಿದ್ಧವಾಗುವುದು ಇಲ್ಲಿಯೇ. ಇಂತಹ ಮಹತ್ವದ ಕಾರ್ಯಾಗಾರವು ಗೋಡೆಯಿಲ್ಲದೆ ನಿಂತಿರುವುದು ಹೇಗೆ? ಪ್ರೋಟೀನು ಮತ್ತು ಆರ್.ಎನ್.ಎ. ಅಣುಗಳು ಕೂಡಿ ಆದ ಈ ಕಾಯವು ದ್ರವದ ಹನಿಯಂತೆ ವರ್ತಿಸುತ್ತದೆಂದು ಬ್ರ್ಯಾಂಗ್‌ವಿನ್, ಮಿಚಿಸನ್ ಮತ್ತು ಹೈಮನ್ ಎಂಬ ವಿಜ್ಞಾನಿಗಳು 2011ರಲ್ಲಿ ತೋರಿಸಿಕೊಟ್ಟರು.

ಹನಿಯೆಂದ ಮೇಲೆ ಅದು ಬಲಕ್ಕೆ ಮಣಿಯಲೇಬೇಕು. ಅವರು ಪರೀಕ್ಷಿಸಿದ್ದು ಆಫ್ರಿಕಾದ ಉಗುರುಗಪ್ಪೆಯ ಬಲಿಯುತ್ತಿರುವ ಅಂಡವನ್ನು. ಅದು ಒಂದೇ ಜೀವಕೋಶವಾದರೂ ಸುಮಾರು 1 ಮಿಲಿಮೀಟರ್ ಗಾತ್ರದ್ದು. ಅದರ ಕೋಶಕೇಂದ್ರದಲ್ಲಿ ನೂರಾರು ನ್ಯೂಕ್ಲಿಯೋಲಸ್‌ಗಳು ಚದರಿರುತ್ತವೆ. ಸುತ್ತಲಿನ ದ್ರವಕ್ಕಿಂತ ಭಾರವಾದ ಅವು ಭೂಮಿಯ ಸೆಳೆತಕ್ಕೆ ಸಿಕ್ಕಿ ತಳ ಸೇರಬೇಕಾಗಿತ್ತು, ಆದರೆ ಸೇರುವುದಿಲ್ಲ. ಇದರ ಕಾರಣವನ್ನು 2013ರಲ್ಲಿ ಮರೀನಾ ಫೆರಿಕ್ ಮತ್ತು ಬ್ರ್ಯಾಂಗ್‌ವಿನ್ ಕಂಡುಹಿಡಿದರು. ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಬಲೆಯಂತೆ ಹೆಣೆದುಕೊಂಡು ಹನಿಗಳನ್ನು ಹಿಡಿದು ನಿಲ್ಲಿಸಿರುತ್ತವೆ. ಆ ಬಲೆಯನ್ನು ಕೆಡಿಸಿದೊಡನೆ ಹನಿಗಳು ತಳಕ್ಕೆ ಕುಸಿದು, ಒಂದರೊಳಗೊಂದು ಬೆರೆತು, ದೊಡ್ಡ ಮುದ್ದೆಗಳಾದವು.

ಸಾಮಾನ್ಯ ಜೀವಕೋಶಗಳು ಬಹು ಚಿಕ್ಕವು. ಅಲ್ಲಿ ಭೂಮಿಯ ಸೆಳೆತದ ಪ್ರಭಾವ ಅತ್ಯಲ್ಪ. ಆದರೆ ಬೇರೆ ಬಲಗಳುಂಟು. ನಾವು ನಡೆವಾಗ, ಭಾರ ಎತ್ತುವಾಗ ಜೀವಕೋಶಗಳು ಹಿಗ್ಗುತ್ತವೆ, ಒತ್ತಲ್ಪಡುತ್ತವೆ. ಆ ಬಲವು ಕೋಶದೊಳಗಿನ ಎಳೆಗಳ ಮೂಲಕ ಕೋಶಕೇಂದ್ರವನ್ನು ಮುಟ್ಟುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಜಿ.ವಿ. ಶಿವಶಂಕರ್ ಅವರ ತಂಡವು ಕೋಶಕೇಂದ್ರದ ಮೇಲೆ ಇಂತಹ ಬಲಗಳ ಪರಿಣಾಮವನ್ನು ಅಭ್ಯಸಿಸಿತು. ಹನಿಯೂ ಸುಮ್ಮನಿರುವುದಿಲ್ಲ. ಅದು ಬೆಳೆಯುವಾಗ ಸುತ್ತಲಿನ ವರ್ಣತಂತುಗಳನ್ನು ಬದಿಗೆ ತಳ್ಳುತ್ತದೆಂದು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗಗಳು 2018ರಲ್ಲಿ ತೋರಿಸಿದವು.

ಇದು ಕೇವಲ ಕುತೂಹಲದ ವಿಷಯವಲ್ಲ. ಅನೇಕ ಬಗೆಯ ಕ್ಯಾನ್ಸರ್ ಕೋಶಗಳಲ್ಲಿ ನ್ಯೂಕ್ಲಿಯೋಲಸ್ ಉಬ್ಬಿ, ಆಕಾರಗೆಟ್ಟಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ವೈದ್ಯರು ಈ ಲಕ್ಷಣವನ್ನು ಅರಸುತ್ತಾರೆ. ಹನಿಯ ರೂಪವನ್ನು ಅರಿಯುವುದು ರೋಗವನ್ನು ಅರಿಯುವ ದಾರಿಯೂ ಹೌದು.

ಗೋಡೆಯಿಲ್ಲದೆಯೂ ಕ್ರಮವಿರಬಲ್ಲದು, ಆದರೆ ಕಾಣದ ಆಸರೆಯೊಂದು ಅದನ್ನು ಕಾಯುತ್ತಿರಬೇಕು.

ಅಭ್ಯಾಸ

1. ನ್ಯೂಕ್ಲಿಯೋಲಸ್ಸನ್ನು ಕೆಸುವಿನ ಎಲೆಯ ಹನಿಗೆ ಹೋಲಿಸಲು ಕಾರಣವೇನು?
2. ಆಕ್ಟಿನ್ ಬಲೆ ಕೆಟ್ಟಾಗ ಕಪ್ಪೆಯ ಅಂಡದಲ್ಲಿ ಏನಾಯಿತು?
3. ‘ಕಾಣದ ಆಸರೆ’ ಎಂಬ ಮಾತನ್ನು ವಿವರಿಸಿರಿ.