ತಲೆಬುರುಡೆಯೊಳಗಿನ ಒತ್ತಡ: ಅದರ ಕಾರಣ ಮತ್ತು ನಿದಾನ

ಮಾನವನ ತಲೆಬುರುಡೆಯು ಮುಚ್ಚಿದ ಎಲುಬಿನ ಪೆಟ್ಟಿಗೆಯಂತಿದೆ. ಅದರೊಳಗೆ ಮಿದುಳು, ರಕ್ತ ಹಾಗೂ ಮಿದುಳನ್ನು ಸುತ್ತುವರಿದ ತಿಳಿದ್ರವ ಇವು ಮೂರು ನೆಲಸಿರುವುವು. ಪ್ರೌಢರಲ್ಲಿ ಈ ದ್ರವವು ಸುಮಾರು 150 ಮಿಲಿಲೀಟರು. ದಿನವೊಂದಕ್ಕೆ 500 ಮಿಲಿಲೀಟರಿನಷ್ಟು ಒಸರಿ, ಅಷ್ಟೇ ಮರಳಿ ರಕ್ತಕ್ಕೆ ಸೇರುತ್ತದೆ. ಪೆಟ್ಟಿಗೆಯು ಹಿಗ್ಗಲಾರದು, ಆದುದರಿಂದ ಮೂರರಲ್ಲಿ ಒಂದು ಹೆಚ್ಚಿದರೆ ಮತ್ತೊಂದು ಎಡೆ ಬಿಟ್ಟುಕೊಡಬೇಕು. ಈ ತತ್ತ್ವಕ್ಕೆ ಬುನಾದಿ ಹಾಕಿದವರು ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಮನ್ರೋ (1783) ಮತ್ತು ಜಾರ್ಜ್ ಕೆಲ್ಲಿ (1824). ಬಿಟ್ಟುಕೊಡಲು ಎಡೆಯೇ ಉಳಿಯದಾದಾಗ ಒತ್ತಡವು ಥಟ್ಟನೆ ಏರುತ್ತದೆ.

ಗಡ್ಡೆ, ಕೀವು, ಪೆಟ್ಟಿನಿಂದ ಸೋರಿದ ರಕ್ತ, ದ್ರವದ ಹಾದಿ ಕಟ್ಟಿಕೊಳ್ಳುವುದು, ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಇವೆಲ್ಲ ಕಾರಣಗಳೇ. ನಮ್ಮ ದೇಶದಲ್ಲಿ ಮಿದುಳುಪೊರೆಯ ಕ್ಷಯವನ್ನೂ ಮಿದುಳಿನಲ್ಲಿ ನೆಲಸುವ ಲಾಡಿಹುಳುವಿನ ಮರಿಗಳನ್ನೂ ಮರೆಯಲಾಗದು. ಇಂತಹ ಯಾವ ಕಾರಣವೂ ಕಾಣದೆ, ಹೆಚ್ಚಾಗಿ ಸ್ಥೂಲಕಾಯದ ತರುಣಿಯರಲ್ಲಿ, ಒತ್ತಡವೇರುವುದೂ ಉಂಟು.

ದಿನವೂ ಮಕ್ಕಳ ಮುಖ ನೋಡುವ ನಾವು ಉಪಾಧ್ಯಾಯರು ಇದರ ಲಕ್ಷಣಗಳನ್ನು ಅರಿತಿರಬೇಕು. ಏಳುವಾಗಲೇ ತಲೆನೋವು, ಕೆಮ್ಮಿದರೆ, ಬಗ್ಗಿದರೆ ಅದು ಹೆಚ್ಚುವುದು, ವಾಂತಿ, ಕರಿಹಲಗೆಯ ಅಕ್ಷರ ಎರಡಾಗಿ ತೋರುವುದು, ಹೊಸದಾಗಿ ಬಂದ ಮೆಳ್ಳೆಗಣ್ಣು, ತರಗತಿಯಲ್ಲಿ ತೂಕಡಿಕೆ. ಹೊತ್ತೇರಿದಂತೆ ನೋವು ಇಳಿಯುವುದರಿಂದ ಇದು ಶಾಲೆ ತಪ್ಪಿಸುವ ನೆವವೆಂದು ಹಿರಿಯರು ತೀರ್ಮಾನಿಸುವುದುಂಟು. ಪಿತ್ತವೆಂದು ಕಷಾಯ ಕುಡಿಸಿ ವಾರಗಳನ್ನು ಕಳೆಯುವುದೂ ಉಂಟು. ತಲೆನೋವುಗಳಲ್ಲಿ ಬಹುಪಾಲು ಇಂತಹವಲ್ಲ, ಗಾಬರಿ ಬೇಡ. ಆದರೆ ಬೆಳಗಿನ ನೋವಿಗೆ ವಾಂತಿಯೂ ಕೂಡಿ ಮರುಕಳಿಸುತ್ತಿದ್ದರೆ ಕಾಯಲಾಗದು. ಬುರುಡೆಯ ಎಲುಬು ಇನ್ನೂ ಬೆಸೆಯದ ಹಸುಳೆಗಳಲ್ಲಿ ನೆತ್ತಿಯು ಉಬ್ಬಿ ತಲೆಯೇ ದೊಡ್ಡದಾಗುತ್ತದೆ. ಅಲ್ಲಿ ಅಳತೆಯ ಟೇಪೇ ಮೊದಲ ಉಪಕರಣ.

ನಿದಾನಕ್ಕೆ ಕಣ್ಣೇ ಕಿಟಕಿ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದ ನೇತ್ರದರ್ಶಕದ ಮೂಲಕ ವೈದ್ಯರು ದೃಷ್ಟಿನರದ ಬುಡ ಬಾತಿರುವುದನ್ನು ಕಾಣಬಲ್ಲರು. ಆದರೆ ಆರಂಭದಲ್ಲಿ ಬಾವು ತೋರದಿರಬಹುದು, ಅದಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರವು ಕಾರಣವನ್ನು ಅರಸುತ್ತದೆ. ಬೆನ್ನಿಗೆ ಸೂಜಿ ಹಾಕಿ ದ್ರವದ ಒತ್ತಡವನ್ನು ಅಳೆಯುವ ಕ್ರಮವನ್ನು ಕ್ವಿಂಕೆ ಎಂಬ ಜರ್ಮನ್ ವೈದ್ಯನು 1891ರಲ್ಲಿ ತಿಳಿಸಿದನು. ಒಳಗೆ ದೊಡ್ಡ ಗಡ್ಡೆಯಿರುವಾಗ ಕೆಳಗಿನಿಂದ ದ್ರವ ತೆಗೆದರೆ ಮಿದುಳು ಬುರುಡೆಯ ಬುಡದ ರಂಧ್ರದತ್ತ ಜಾರಿ, ಉಸಿರಾಟದ ಕೇಂದ್ರವನ್ನೇ ಅದುಮೀತು. ಆದಕಾರಣ ಇಂತಹ ಶಂಕೆಯಿರುವಲ್ಲಿ ಚಿತ್ರವು ಮೊದಲು, ಸೂಜಿಯು ಅನಂತರ. ಸೂಜಿ ಹಾಕಲು ವೈದ್ಯರು ತಡೆದರೆ ಪೋಷಕರು ಅದನ್ನು ಉದಾಸೀನವೆಂದು ಎಣಿಸಬಾರದು.