ಪ್ಯಾಪಿಲಿಯೊ: ಮಳೆಕಾಡಿನಿಂದ ಕರಿಬೇವಿನ ಕುಂಡದವರೆಗೆ

ದೇಶದಲ್ಲಿ ಮೊದಲು ರಾಜ್ಯ ಚಿಟ್ಟೆಯನ್ನು ಘೋಷಿಸಿದ್ದು ಮಹಾರಾಷ್ಟ್ರ. 2015ರಲ್ಲಿ ಆ ಗೌರವ ಪಡೆದದ್ದು ಬ್ಲೂ ಮಾರ್ಮನ್, ಅಂದರೆ ಪ್ಯಾಪಿಲಿಯೊ ಪಾಲಿಮ್ನೆಸ್ಟರ್. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ಮುಖ್ಯ ನೆಲೆ. ಠಾಣೆಯ ಯೇವೂರು ಕಾಡಿನಲ್ಲೂ ಕಾಣಸಿಗುತ್ತದೆ.

ಲಿನೇಯಸ್ 1758ರಲ್ಲಿ ಹೆಸರಿಟ್ಟ ಪ್ಯಾಪಿಲಿಯೊ ಕುಲ ಪ್ಯಾಪಿಲಿಯೊನಿಡೇ ಕುಟುಂಬದ್ದು. ಪ್ರಭೇದಗಳು ಸುಮಾರು 200. ಇವು ಎಲ್ಲೆಲ್ಲಿ ಹರಡಿವೆ ಎಂಬುದರ ಗುಟ್ಟು ಮರಿಹುಳುವಿನ ಹೊಟ್ಟೆಯಲ್ಲಿದೆ. ನಮ್ಮ ದೇಶದ ಹಲವು ಸಾಮಾನ್ಯ ಪ್ರಭೇದಗಳಿಗೆ ನಿಂಬೆಯ ಕುಟುಂಬವಾದ ರುಟೇಸಿಯ ಎಲೆಗಳೇ ಊಟ. ಹಾಗಾಗಿ ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಬಾಲ್ಕನಿಗಳಲ್ಲಿರುವ ಕರಿಬೇವಿನ ಕುಂಡಕ್ಕೂ ಕಾಮನ್ ಮಾರ್ಮನ್ (ಪ್ಯಾಪಿಲಿಯೊ ಪಾಲಿಟೀಸ್) ಮೊಟ್ಟೆಯಿಡಲು ಬರುತ್ತದೆ. ಎಳೆಯ ಹುಳು ನೋಡಲು ಹಕ್ಕಿಯ ಹಿಕ್ಕೆ, ಬಲಿತರೆ ಎಲೆಹಸಿರು. ಕೆಣಕಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬು ಚಾಚಿ ಘಾಟು ಬಿಡುತ್ತದೆ. ಅದೇ ಆಸ್ಮಿಟೀರಿಯಂ. ಕಾಮನ್ ಮಾರ್ಮನ್‌ನ ಕೆಲವು ಹೆಣ್ಣುಗಳು ವಿಷಕಾರಿ ರೋಸ್ ಚಿಟ್ಟೆಗಳನ್ನು ಹೋಲುತ್ತವೆ: ವಿಷವಿಲ್ಲದ ಜೀವಿ ವಿಷಕಾರಿಯ ವೇಷ ತೊಡುವ ಬೇಟ್ಸಿಯನ್ ಅನುಕರಣೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ನಿಂಬೆ ಚಿಟ್ಟೆ (ಪ್ಯಾಪಿಲಿಯೊ ಡೆಮೋಲಿಯಸ್) ಏಷ್ಯಾ ದಾಟಿ, 2004ರಲ್ಲಿ ಕೆರಿಬಿಯನ್‌ನ ಡೊಮಿನಿಕನ್ ಗಣರಾಜ್ಯದಲ್ಲೂ ದಾಖಲಾಯಿತು.

ಹಲವರು ಎಡವುವುದು ಇಲ್ಲಿ: ಕೇರಳದ ರಾಜ್ಯ ಚಿಟ್ಟೆ ಪ್ಯಾಪಿಲಿಯೊ ಬುದ್ಧ ಇದೇ ಕುಲದ್ದು. ಕರ್ನಾಟಕದ ಸದರ್ನ್ ಬರ್ಡ್‌ವಿಂಗ್ ಕುಟುಂಬದಿಂದ ನೆಂಟ, ಕುಲದಿಂದ ಬೇರೆ. ಅದು ಟ್ರಾಯ್ಡಿಸ್ ಮಿನೋಸ್.